60 ಸಾವಿರದ ಗೇಮಿಂಗ್ ಕಂಪ್ಯೂಟರ್: ಪ್ರೊಸೆಸರ್ ಯಾವುದು, ದುಡ್ಡು ಎಲ್ಲಿ ಹಾಕೋದು?

ಪ್ರಶ್ನೆ: ಸರ್, ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಗೇಮ್ ಆಡಲು ಒಂದು ಡೆಸ್ಕ್‌ಟಾಪ್ ಮಾಡಿಸಬೇಕು. ಮಾನಿಟರ್ ಸೇರಿ 60 ಸಾವಿರ, ಅದಕ್ಕಿಂತ ಜಾಸ್ತಿ ಅಪ್ಪ ಕೊಡುವುದಿಲ್ಲ. ವ್ಯಾಲೊರಂಟ್, ಜಿಟಿಎ 5 ಆಡುತ್ತೇನೆ. ಹೊಸ ದೊಡ್ಡ ಗೇಮ್‌ಗಳನ್ನೂ ಒಂದೊಂದು ಆಡಬೇಕು ಅಂತ ಆಸೆ. ಒಂದು ಅಂಗಡಿಯಲ್ಲಿ 'ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್' ಇರುವ ಗೇಮಿಂಗ್ ಸೆಟ್ 32 ಸಾವಿರಕ್ಕೆ ಕೊಡುತ್ತೇವೆ ಅಂದರು. ಗೆಳೆಯರು ರೈಜೆನ್ 5 ತಗೋ ಅಂತಾರೆ. ಯಾವ ಪ್ರೊಸೆಸರ್ ಒಳ್ಳೆಯದು? ಮುಂದಿನ ತಿಂಗಳು ಮಾವ ದುಬೈಯಿಂದ ಬರುತ್ತಾರೆ. ಅವರ ಕೈಯಲ್ಲಿ ಏನಾದರೂ ತರಿಸಬಹುದಾ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಸಂಜೆ ವೋಲ್ಟೇಜ್ ಕಮ್ಮಿ. ಇನ್ನೊಂದು, ಶಾಲೆಯಲ್ಲಿ ಲಿನಕ್ಸ್ ಕಲಿತಿದ್ದೇನೆ. ವಿಂಡೋಸ್ ದುಡ್ಡು ಉಳಿಸಬಹುದಾ?

ಉತ್ತರ: ಮೊದಲು ಆ 32 ಸಾವಿರದ ಐ7 ವಿಷಯ ಮುಗಿಸಿಬಿಡೋಣ. ತಗೊಳ್ಳಬೇಡಿ.

ಐ7 ಅಂದ್ರೆ ಇಂಟೆಲ್‌ನ ಮೇಲ್ದರ್ಜೆಯ ಪ್ರೊಸೆಸರ್, ನಿಜ. ಆದರೆ ಯಾವ ಕಾಲದ ಐ7? ಆ ಹೆಸರು 2008ರಿಂದ ನಡೆದು ಬಂದಿದೆ. ಈ ರೇಟಿಗೆ ಹೀಗೆ ಮಾರುವುದು ಸಾಮಾನ್ಯವಾಗಿ ಐ7-2600 ಇಲ್ಲವೇ ಐ7-3770. ಒಂದು 2011ರದ್ದು, ಇನ್ನೊಂದು 2012ರದ್ದು. ನೀವು ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಗ ಬಂದ ಪ್ರೊಸೆಸರ್‌ಗಳು. ದೊಡ್ಡ ಆಫೀಸುಗಳು ಹಳೆಯ ಕಂಪ್ಯೂಟರ್‌ಗಳನ್ನು ಲಾಟ್‌ಗಟ್ಟಲೆ ಮಾರಿದಾಗ ಇವು ಹೊರಗೆ ಬೀಳುತ್ತವೆ. ಅದನ್ನು ಚೀನಾದಲ್ಲಿ ಹೊಸದಾಗಿ ಮಾಡಿದ ಎಚ್61 ಬೋರ್ಡ್ (ಎಲ್ಲ ಭಾಗ ಕೂರುವ ಮದರ್‌ಬೋರ್ಡ್) ಮೇಲೆ ಕೂರಿಸಿ, ಹಳೆಯ ತಲೆಮಾರಿನ ಡಿಡಿಆರ್3 ರ‍್ಯಾಮ್ ಹಾಕಿ, ಗಾಜಿನ ಬದಿ ಮತ್ತು ಬಣ್ಣದ ಫ್ಯಾನ್ ಇರುವ ಕ್ಯಾಬಿನೆಟ್‌ಗೆ ತುಂಬಿಸಿದರೆ ನೋಡಲು ಭಾರಿ ಚಂದ. ಬೋರ್ಡ್ ಹೊಸದು, ಕ್ಯಾಬಿನೆಟ್ ಹೊಸದು, ಬಾಕ್ಸ್ ಹೊಸದು. ಕೆಲಸ ಮಾಡುವ ಸಾಮಾನು ಮಾತ್ರ ಹಳೆಯದು.

ಹಳೆಯದಾದರೆ ಏನು, ಓಡಿದರೆ ಸಾಕಲ್ವಾ ಅಂತ ಕೇಳಬಹುದು. ಓಡುವುದರಲ್ಲೇ ತೊಂದರೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ 8ನೇ ಜನರೇಷನ್‌ನಿಂದ ಮೇಲಿನ ಪ್ರೊಸೆಸರ್‌ಗಳಿಗೆ ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಆಡುವ ವ್ಯಾಲೊರಂಟ್ ಕೂಡ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ಸೌಲಭ್ಯ ಆನ್ ಇಲ್ಲದಿದ್ದರೆ ಶುರುವಾಗುವುದೇ ಇಲ್ಲ. ಇನ್ನು ಎವಿಎಕ್ಸ್2 ಅಂತ ಒಂದು ಸೌಲಭ್ಯ ಉಂಟು. ಇಂಟೆಲ್‌ನಲ್ಲಿ ಅದು 2013ರ 4ನೇ ಜನರೇಷನ್‌ನಿಂದ ಬಂತು. ಈಗಿನ ಕೆಲವು ಗೇಮ್‌ಗಳು ಅದಿಲ್ಲದ ಪ್ರೊಸೆಸರ್‌ನಲ್ಲಿ ತೆರೆಯುವುದೇ ಇಲ್ಲ. ಐ7-3770ರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು). 2022ರ ಐ3-12100ಎಫ್‌ನಲ್ಲೂ ಅಷ್ಟೇ. ಎರಡನ್ನೂ ಪಕ್ಕಪಕ್ಕ ಇಟ್ಟು ಆಡಿ ನೋಡಿದರೆ ಐ3 ಮುಂದೆ ಐ7ರ ಆಟ ನಡೆಯುವುದಿಲ್ಲ.

ಆ '4 ಜಿಬಿ ಗ್ರಾಫಿಕ್ಸ್' ಯಾವುದು ಅಂತ ಹೇಳಿದರಾ? ಹೆಚ್ಚಾಗಿ ಜಿಟಿ 730 ಆಗಿರುತ್ತದೆ. 2014ರ ಕಾರ್ಡ್. ಆಗಲೂ ಅದು ಗೇಮ್‌ಗೆ ಅಂತ ಮಾಡಿದ್ದಲ್ಲ. 4 ಜಿಬಿ ಇದ್ದರೂ ಅದು ನಿಧಾನದ ಡಿಡಿಆರ್3 ಮೆಮೊರಿ. ಕಾರ್ಡ್‌ನ ಶಕ್ತಿ ಇರುವುದು ಅದರ ಚಿಪ್‌ನಲ್ಲಿ, ಜಿಬಿ ಲೆಕ್ಕದಲ್ಲಿ ಅಲ್ಲ. ಇವತ್ತಿನ ಕೆಲವು ಪ್ರೊಸೆಸರ್‌ಗಳ ಒಳಗೇ ಇರುವ ಗ್ರಾಫಿಕ್ಸ್ ಇದಕ್ಕಿಂತ ಎಷ್ಟೋ ಮೇಲು.

ಆದ್ದರಿಂದ ಯಾವ ಅಂಗಡಿಗೆ ಹೋದರೂ ಕೊಟೇಶನ್ ಬರೆಸಿಕೊಳ್ಳಿ. ಪ್ರೊಸೆಸರ್‌ನ ಪೂರ್ತಿ ನಂಬರ್, ಬೋರ್ಡ್‌ನ ಮಾಡೆಲ್, ರ‍್ಯಾಮ್ ಎಷ್ಟು ಕಡ್ಡಿ ಮತ್ತು ಎಷ್ಟು ಸ್ಪೀಡ್, ಕಾರ್ಡ್‌ನ ಪೂರ್ತಿ ಹೆಸರು, ಎಸ್‌ಎಂಪಿಎಸ್‌ನ (ಒಳಗಿನ ಎಲ್ಲದಕ್ಕೂ ಕರೆಂಟ್ ಕೊಡುವ ಪೆಟ್ಟಿಗೆಯ) ಕಂಪನಿ ಮತ್ತು ಮಾಡೆಲ್. 'ಐ7, 16 ಜಿಬಿ, 4 ಜಿಬಿ' ಅಂತ ಮಾತ್ರ ಬರೆದುಕೊಟ್ಟರೆ ನಮಸ್ಕಾರ ಹೇಳಿ ಹೊರಗೆ ಬನ್ನಿ. ಬರೆಯಲು ಹಿಂದೆ ಮುಂದೆ ನೋಡುವವರ ಹತ್ತಿರ ಮತ್ತೆ ಚೌಕಾಸಿ ಮಾಡುವುದರಲ್ಲಿ ಅರ್ಥ ಇಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ. ಇಂಟೆಲಾ, ಎಎಂಡಿ ಕಂಪನಿಯ ರೈಜೆನ್ನಾ? ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ನಾನು ಹೇಳುವುದು, ಪ್ರೊಸೆಸರ್ ಕೊನೆಗೆ ನೋಡಿ. ಮೊದಲು ಪರದೆ, ಆಮೇಲೆ ಕಾರ್ಡ್, ಆಮೇಲೆ ಆ ಕಾರ್ಡ್‌ಗೆ ಸಾಕಾಗುವ ಪ್ರೊಸೆಸರ್.

ಬಯಲಾಟ ನೋಡಿರುತ್ತೀರಿ. ಭಾಗವತರು ಪದ ಎತ್ತಿಕೊಟ್ಟರೆ ವೇಷ ಕುಣಿಯುತ್ತದೆ. ಪ್ರೊಸೆಸರ್ ಭಾಗವತರ ಜಾಗದಲ್ಲಿದೆ. ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿಗೆ ಹೋಯಿತು, ಮುಂದೆ ಏನಾಗಬೇಕು ಅಂತ ಲೆಕ್ಕ ಹಾಕಿ ಒಂದೊಂದು ಫ್ರೇಮ್‌ಗೂ (ಪರದೆಯ ಒಂದೊಂದು ಚಿತ್ರಕ್ಕೂ) ಅಪ್ಪಣೆ ಕೊಡುವುದು ಅದು. ಅದನ್ನು ಬಣ್ಣ, ಬೆಳಕು, ನೆರಳು ಹಾಕಿ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಭಾಗವತರು ತಡೆದರೆ ವೇಷ ಸುಮ್ನೆ ನಿಲ್ಲಬೇಕು. ವೇಷಕ್ಕೆ ಕಾಲೇ ಬಾರದಿದ್ದರೆ ಭಾಗವತರು ಎಷ್ಟು ಏರು ಪದ ಹೇಳಿದರೂ ಪ್ರಯೋಜನ ಇಲ್ಲ. ವ್ಯಾಲೊರಂಟ್‌ನಲ್ಲಿ ಚಿತ್ರದ ಕೆಲಸ ಕಡಿಮೆ, ಫ್ರೇಮ್ ಜಾಸ್ತಿ, ಹಾಗಾಗಿ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಹೊಸ ದೊಡ್ಡ ಗೇಮ್‌ಗಳಲ್ಲಿ ಭಾರ ಹೆಚ್ಚಾಗಿ ಕಾರ್ಡ್ ಮೇಲೆ. ಜಿಟಿಎ 5 ನಡುವಿನದ್ದು.

ಪರದೆಗೆ ಬನ್ನಿ. ನಿಮ್ಮ ಬಜೆಟ್‌ಗೆ 24 ಇಂಚು, 1080ಪಿ (1920x1080 ಚುಕ್ಕಿಗಳ ಚಿತ್ರ), ಐಪಿಎಸ್ (ಬಣ್ಣ ಚೆನ್ನಾಗಿ ಕಾಣುವ ಬಗೆಯ ಪರದೆ) ಸರಿ. 4ಕೆ ಬೇಡವೇ ಬೇಡ, ಅದನ್ನು ಎಳೆಯುವ ಕಾರ್ಡ್ ಈ ದುಡ್ಡಿಗೆ ಬರುವುದಿಲ್ಲ. ಈಗ ಕಡಿಮೆ ಬೆಲೆಯ ಮಾನಿಟರ್‌ಗಳೂ 100 ಹರ್ಟ್ಸ್ (ಸೆಕೆಂಡಿಗೆ 100 ಸಲ ಚಿತ್ರ ಬದಲಿಸುವುದು) ಬರುತ್ತವೆ. ವ್ಯಾಲೊರಂಟ್ ದಿನಾ ಆಡುವವರಾದರೆ ಸ್ವಲ್ಪ ಜಾಸ್ತಿ ಕೊಟ್ಟು 144 ಇಲ್ಲವೇ 165 ಹರ್ಟ್ಸ್‌ನದ್ದು ತಗೊಳ್ಳಿ. ಗುರಿ ಹಿಡಿಯುವಾಗ ಅದರ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ.

ಕಾರ್ಡ್‌ಗೆ 60ರಲ್ಲಿ 20ರಿಂದ 22 ಸಾವಿರ ತೆಗೆದಿಡಿ. ಈ ಲೆಕ್ಕದಲ್ಲಿ ನಾನು ಮೊದಲು ಹುಡುಕುವುದು ಎಎಂಡಿಯ ಆರ್‌ಎಕ್ಸ್ 6600. 2021ರ ಕಾರ್ಡ್, 8 ಜಿಬಿ, 132 ವ್ಯಾಟ್. 1080ಪಿಗೆ ಈಗಲೂ ಗಟ್ಟಿ. ಹೊಸ ಸ್ಟಾಕ್ ಸಿಗದಿದ್ದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ 5050 ನೋಡಿ, ಅದೂ 8 ಜಿಬಿ. ಆರ್‌ಟಿಎಕ್ಸ್ 3050 ಕೂಡ ತೋರಿಸುತ್ತಾರೆ. ಅದರಲ್ಲಿ ಎರಡು ಜಾತಿ ಉಂಟು, 8 ಜಿಬಿ ಮತ್ತು 6 ಜಿಬಿ. 6 ಜಿಬಿಯದ್ದರಲ್ಲಿ ಮೆಮೊರಿ ಮಾತ್ರ ಕಡಿಮೆ ಅಂದುಕೊಳ್ಳಬೇಡಿ, ಚಿಪ್ಪೂ ಇಳಿಸಿದ್ದು, 70 ವ್ಯಾಟ್‌ನದ್ದು. ಎರಡೂ ಆರ್‌ಎಕ್ಸ್ 6600ಗಿಂತ ಹಿಂದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬೇಡ. 4 ಜಿಬಿ ಸಾಲುವುದಿಲ್ಲ, ಸಾಲದ್ದಕ್ಕೆ ಅದು ಬೋರ್ಡ್‌ನ ಜೊತೆ ನಾಲ್ಕೇ ಲೇನ್‌ನಲ್ಲಿ, ಅಂದ್ರೆ ಕಿರಿದಾದ ದಾರಿಯಲ್ಲಿ, ಮಾತಾಡುತ್ತದೆ. ಆ ದಾರಿಯ ಹಳೆಯ ಆವೃತ್ತಿ ಪಿಸಿಐ 3.0 ಇರುವ ಬೋರ್ಡ್‌ನಲ್ಲಿ ಇನ್ನೂ ಕುಸಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಬಗ್ಗೆ ಎರಡು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಮ್ ಅನ್ನುವ ಡಿಜಿಟಲ್ ನಾಣ್ಯದ ಮೈನಿಂಗ್ (ಕಾರ್ಡ್ ಓಡಿಸಿ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ರಾಶಿ ಬಂದವು. ಆರ್‌ಎಕ್ಸ್ 580 ಅದರಲ್ಲಿ ಮುಖ್ಯ. ಅಗ್ಗಕ್ಕೆ ಸಿಗುತ್ತದೆ, ಆದರೆ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಬೆಂಬಲ ಕಡಿಮೆಯಾಗುತ್ತಾ ಬಂದಿದೆ. ಜಿಟಿಎಕ್ಸ್ 1050 ಟಿಐ, 1060 ಕಾರ್ಡ್‌ಗಳಿಗೂ ಎನ್‌ವಿಡಿಯಾ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಕೆಲವರು ಇನ್ನೂ ಹಳೆಯ ಕಾರ್ಡ್‌ನ ಬಯಾಸ್ (ಒಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ 1050 ಟಿಐ ಅಂತ ಮಾರುವುದೂ ಉಂಟು. ಜಿಪಿಯು-ಝಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ತೋರಿಸಿ ಅನ್ನಿ, ಇಂಥ ನಕಲಿಯನ್ನು ಅದು ಹೆಚ್ಚಾಗಿ ಹಿಡಿಯುತ್ತದೆ. ಒಂದು ಗೇಮ್ ಅರ್ಧ ಗಂಟೆ ಓಡಿಸಿಯೂ ನೋಡಿ. ಬಿಲ್ ಮತ್ತು ವಾರಂಟಿ ಉಳಿದಿರುವ ಆರ್‌ಎಕ್ಸ್ 6600 ಸಿಕ್ಕಿದರೆ ಧೈರ್ಯವಾಗಿ ತಗೊಳ್ಳಿ.

ಇನ್ನು ಪ್ರೊಸೆಸರ್. ಈ ಕಾರ್ಡ್‌ಗೆ ಆರು ಕೋರ್ ಇದ್ದರೆ ಸಾಕು. ಎಎಂಡಿಯಲ್ಲಿ ರೈಜೆನ್ 5 5600, ಇಂಟೆಲ್‌ನಲ್ಲಿ ಐ5-12400ಎಫ್. ಎರಡೂ 2022ರಲ್ಲಿ ಬಂದವು, ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. ಗೇಮ್‌ನಲ್ಲಿ ಒಂದು ಕಡೆ ಇದು ನಾಲ್ಕು ಫ್ರೇಮ್ ಮೇಲೆ, ಇನ್ನೊಂದು ಕಡೆ ಅದು. ಆಡುವಾಗ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಗೆಳೆಯರ ಜೊತೆ ಇದಕ್ಕಾಗಿ ಜಗಳ ಬೇಡ. ಪ್ರೊಸೆಸರ್ ಒಂದರದ್ದೇ ರೇಟ್ ಕೇಳಬೇಡಿ, ಪ್ರೊಸೆಸರ್ ಮತ್ತು ಬೋರ್ಡ್ ಎರಡೂ ಸೇರಿ ಎಷ್ಟು ಅಂತ ಕೇಳಿ. ಯಾವ ಜೋಡಿ ಕಡಿಮೆಗೆ ಬರುತ್ತದೋ ಅದು ನಿಮ್ಮದು.

ರೈಜೆನ್ ಹೆಸರುಗಳಲ್ಲಿ ಮಾತ್ರ ಹುಷಾರು. 5500, 5600, 5600ಜಿ, 5600ಜಿಟಿ, ಎಲ್ಲವನ್ನೂ ಅಂಗಡಿಯಲ್ಲಿ 'ರೈಜೆನ್ 5' ಅಂತಲೇ ಕರೆಯುತ್ತಾರೆ. 5600ರಲ್ಲಿ 32 ಎಂಬಿ ಎಲ್3 ಕ್ಯಾಶ್, ಪಿಸಿಐ 4.0. ಉಳಿದವುಗಳಲ್ಲಿ ಕ್ಯಾಶ್ 16 ಎಂಬಿ, ಪಿಸಿಐ 3.0. ಗೇಮ್‌ಗೆ ಕ್ಯಾಶ್ ಬಹಳ ಮುಖ್ಯ. ಪ್ರೊಸೆಸರ್ ಪದೇ ಪದೇ ಬೇಕಾಗುವ ಮಾಹಿತಿಯನ್ನು ಅಲ್ಲೇ ಕೈಗೆಟುಕುವಂತೆ ಇಟ್ಟುಕೊಂಡಷ್ಟೂ ರ‍್ಯಾಮ್‌ವರೆಗೆ ಹೋಗಿ ಬರುವುದು ತಪ್ಪುತ್ತದೆ. ದುಡ್ಡು ತೀರಾ ಬಿಗಿಯಾದರೆ 5500ಕ್ಕೆ ಇಳಿಯಿರಿ, ತಪ್ಪಿಲ್ಲ. ಆರು ಕೋರ್ ಅಂತೂ ಉಳಿಯುತ್ತದೆ. ಐ3-12100ಎಫ್ ಕೂಡ ವ್ಯಾಲೊರಂಟ್‌ಗೆ ಒಳ್ಳೆಯದೇ. ಆದರೆ ಹೊಸ ದೊಡ್ಡ ಗೇಮ್ ಆಡುತ್ತಾ ಹಿಂದಿನಿಂದ ಡಿಸ್ಕಾರ್ಡ್, ಬ್ರೌಸರ್ ತೆರೆದಿಟ್ಟರೆ ನಾಲ್ಕು ಕೋರ್‌ಗೆ ಏದುಸಿರು ಬರುತ್ತದೆ.

ಇಂಟೆಲ್‌ನಲ್ಲಿ ಕೊನೆಯ 'ಎಫ್' ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ರೈಜೆನ್ 5 5600ರಲ್ಲೂ ಇಲ್ಲ. ಕಾರ್ಡ್ ಇಲ್ಲದೆ ಇವುಗಳಲ್ಲಿ ಪರದೆ ಹೊತ್ತುವುದಿಲ್ಲ. ಎಷ್ಟೋ ಜನ ಹೊಸ ಕಂಪ್ಯೂಟರ್ ಮನೆಗೆ ತಂದು ಎಚ್‌ಡಿಎಂಐ ವೈರನ್ನು ಬೋರ್ಡ್‌ಗೆ ಚುಚ್ಚಿ, ಡಿಸ್ಪ್ಲೇ ಬರಲಿಲ್ಲ ಅಂತ ವಾಪಸ್ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. ವೈರ್ ಕೆಳಗೆ ಅಡ್ಡ ಮಲಗಿರುವ ಕಾರ್ಡ್‌ಗೆ ಹೋಗಬೇಕು.

ಅಪ್ಪನ ಕೈಯಿಂದ 60 ಬರದೆ 45ಕ್ಕೇ ನಿಂತಿತು ಅನ್ನಿ. ಆಗ ದಾರಿ ಬೇರೆ. ಕೆಟ್ಟ ಕಾರ್ಡ್ ತಗೊಳ್ಳುವ ಬದಲು ರೈಜೆನ್ 5 5600ಜಿ ತಗೊಂಡು, ಕಾರ್ಡ್ ಇಲ್ಲದೆ ಶುರು ಮಾಡಿ. ವ್ಯಾಲೊರಂಟ್ ಕಡಿಮೆ ಸೆಟ್ಟಿಂಗ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ, ಜಿಟಿಎ 5 ಕೂಡ ಆಗುತ್ತದೆ. ವರ್ಷ ಬಿಟ್ಟು ಕಾರ್ಡ್ ಸೇರಿಸಿ. ಒಂದೇ ಷರತ್ತು, ರ‍್ಯಾಮ್ ಎರಡು ಕಡ್ಡಿ ಇರಲೇಬೇಕು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮ್ ಅನ್ನೇ ಬಳಸುವುದು. ಒಂದೇ ಕಡ್ಡಿ ಹಾಕಿದರೆ ದಾರಿ ಅರ್ಧ ಮುಚ್ಚಿದ ಹಾಗೆ.

ಬೋರ್ಡ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. 12400ಎಫ್‌ಗೆ ಎಚ್610 ಸಾಕು, ಡಿಡಿಆರ್4 ಹಾಕುವಂಥದ್ದೇ ಇರಲಿ. ಅದೇ ಹೆಸರಲ್ಲಿ ಡಿಡಿಆರ್5 ಬೋರ್ಡ್‌ಗಳೂ ಇವೆ, ಒಂದರ ಕಡ್ಡಿ ಇನ್ನೊಂದಕ್ಕೆ ಕೂರುವುದಿಲ್ಲ. 5600ಕ್ಕೆ ಬಿ550 ಒಳ್ಳೆಯದು, ಬಿ450 ಕೂಡ ನಡೆಯುತ್ತದೆ. ಬಿ450 ಹಳೆಯ ಸ್ಟಾಕ್ ಆಗಿದ್ದರೆ ಬಯಾಸ್ ಅಪ್‌ಡೇಟ್ ಮಾಡಿಸಿಯೇ ತನ್ನಿ. ಎಎಂಡಿಯ ಹೊಸ ಎಎಂ5 ಬೋರ್ಡ್ ಮುಂದಕ್ಕೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಆದರೆ ಅದಕ್ಕೆ ಡಿಡಿಆರ್5 ಮಾತ್ರ ಆಗುತ್ತದೆ. ಅಲ್ಲಿ ನಿಮ್ಮ ಲೆಕ್ಕ ತಪ್ಪುತ್ತದೆ.

ಯಾಕಂದ್ರೆ ರ‍್ಯಾಮ್ ಈಗ ತುಟ್ಟಿ. 2025ರ ಆರಂಭದಲ್ಲಿ 16 ಜಿಬಿ ಡಿಡಿಆರ್4 ಮೂರು ಸಾವಿರದ ಆಸುಪಾಸು ಸಿಗುತ್ತಿತ್ತು. ಮೆಮೊರಿ ಚಿಪ್ ಮಾಡುವವರೆಲ್ಲ ಎಐ ಸರ್ವರ್‌ಗಳ ಕಡೆ ತಿರುಗಿದರು. ವರ್ಷದ ಕೊನೆಗೆ ಅದೇ ರ‍್ಯಾಮ್ ದುಪ್ಪಟ್ಟು ದಾಟಿತು. ಗೇಮ್, ಫೈಲ್ ಇಡುವ ಎಸ್‌ಎಸ್‌ಡಿಯ ಬೆಲೆಯೂ ಏರಿತು. ಹಾಗಾಗಿ ಹಳೆಯ ವಿಡಿಯೋ ನೋಡಿ '60 ಸಾವಿರದ ಬಿಲ್ಡ್' ಅಂತ ಪಟ್ಟಿ ಬರೆದುಕೊಂಡು ಹೋದರೆ ಅಂಗಡಿಯಲ್ಲಿ ಮುಖ ಸಣ್ಣದಾಗುತ್ತದೆ. 8 ಜಿಬಿಯ ಎರಡು ಕಡ್ಡಿ, 3200 ಸ್ಪೀಡ್, ಇಷ್ಟು ಸಾಕು. ಬಿಲ್, ವಾರಂಟಿ ಇಲ್ಲದಿದ್ದರೂ ಸೆಕೆಂಡ್ ಹ್ಯಾಂಡ್ ತಗೊಳ್ಳಲು ನಾನು ಹೆದರದೆ ಹೇಳುವ ಸಾಮಾನು ರ‍್ಯಾಮ್ ಒಂದೇ. ಅದು ಕೆಡುವುದು ಕಡಿಮೆ, ಕೆಟ್ಟಿದ್ದರೆ ಪರೀಕ್ಷೆಯಲ್ಲಿ ಬೇಗ ಗೊತ್ತಾಗುತ್ತದೆ. ಎಸ್‌ಎಸ್‌ಡಿ ವೇಗದ ಎನ್‌ವಿಎಂಇ ಜಾತಿಯದ್ದಿರಲಿ, ಆದರೆ ಸೆಕೆಂಡಿಗೆ 7000 ಎಂಬಿ ಅನ್ನುವ ದುಬಾರಿಯದ್ದು ಬೇಡ. ಗೇಮ್ ತೆರೆಯುವಾಗ 3500ರದ್ದಕ್ಕೂ ಅದಕ್ಕೂ ದೊಡ್ಡ ಅಂತರ ಕಾಣುವುದಿಲ್ಲ. ಜಾಗ ಮುಖ್ಯ. ಜಿಟಿಎ 5 ಒಂದೇ 100 ಜಿಬಿ ಆಸುಪಾಸು ತಿನ್ನುತ್ತದೆ. 500 ಜಿಬಿಗಿಂತ ಕಡಿಮೆಯದ್ದು ಬೇಡ, ಸಾಧ್ಯವಾದರೆ 1 ಟಿಬಿ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು, ಕರೆಂಟ್ ವಿಷಯ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಬಿಲ್ಡ್ ಹೇಳುವವರಿಗೆ ಇದು ತಲೆಗೇ ಬರುವುದಿಲ್ಲ. ನಮ್ಮ ಕಡೆ ಕಂಪ್ಯೂಟರ್ ಹಳೆಯದಾಗಿ ಸಾಯುವುದಕ್ಕಿಂತ ಸಿಡಿಲಿಗೆ, ವೋಲ್ಟೇಜಿಗೆ ಸಾಯುವುದೇ ಜಾಸ್ತಿ.

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಬೇಡ ಅಂತ ಮೊದಲೇ ಹೇಳಿಬಿಡಿ. ಅದರ ಮೇಲೆ ದೊಡ್ಡದಾಗಿ '450 ವ್ಯಾಟ್' ಅಂತ ಬರೆದಿರುತ್ತದೆ. ಬದಿಯ ಸ್ಟಿಕ್ಕರ್‌ನಲ್ಲಿ ಸಣ್ಣ ಅಕ್ಷರದಲ್ಲಿ '+12 ವೋಲ್ಟ್' ಅನ್ನುವ ಕಾಲಂ ಹುಡುಕಿ. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದ. ಅಲ್ಲಿ 16 ಆಂಪಿಯರ್ ಅಂತಿದ್ದರೆ 12 ಗುಣಿಸು 16, ಅಂದ್ರೆ 192 ವ್ಯಾಟ್. 450 ಎಲ್ಲಿ ಹೋಯಿತು? ಒಳ್ಳೆಯ 550 ವ್ಯಾಟ್‌ನದ್ದರಲ್ಲಿ ಅದೇ ಜಾಗದಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ. ಕೈಯಲ್ಲಿ ಎತ್ತಿ ನೋಡಿದರೂ ತೂಕದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಇದೇ ಸ್ಟಿಕ್ಕರ್‌ನಲ್ಲಿ ಇನ್‌ಪುಟ್ ಎಷ್ಟು ಅಂತಲೂ ನೋಡಿ. ಕೆಲವದರಲ್ಲಿ 200ರಿಂದ 240 ವೋಲ್ಟ್, ಕೆಲವದರಲ್ಲಿ 100ರಿಂದ 240. ಸಂಜೆ ವೋಲ್ಟೇಜ್ ಬೀಳುವ ನಿಮ್ಮ ಮನೆಗೆ ಎರಡನೆಯದು. 170 ವೋಲ್ಟ್‌ಗೆ ಇಳಿದರೂ ಅದು ಗೊಣಗದೆ ನಡೆಯುತ್ತದೆ, ಸ್ಟೆಬಿಲೈಸರ್ ಖರ್ಚು ಉಳಿಯುತ್ತದೆ. 80 ಪ್ಲಸ್ ಬ್ರಾಂಝ್ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು), 550 ವ್ಯಾಟ್, ಹೆಸರಿರುವ ಕಂಪನಿ. ನಿಮ್ಮ ಸೆಟ್ ಪೂರ್ತಿ ಓಡಿದರೂ 300 ವ್ಯಾಟ್ ದಾಟುವುದು ಕಷ್ಟ, ಆದ್ದರಿಂದ 750 ಅಂತ ಏರಿಸುವ ಅಗತ್ಯ ಇಲ್ಲ.

ಆಮೇಲೆ ಅರ್ಥಿಂಗ್. ಕಂಪ್ಯೂಟರ್ ಆನ್ ಇರುವಾಗ ಕ್ಯಾಬಿನೆಟ್‌ನ ತಗಡು ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆಯಾ? ಹಾಗಿದ್ದರೆ ಆ ಪ್ಲಗ್ ಪಾಯಿಂಟ್‌ಗೆ ಅರ್ಥ್ ಸರಿಯಾಗಿ ಸಿಗುತ್ತಿಲ್ಲ. ಮೂರು ತೂತು ಇದ್ದ ಮಾತ್ರಕ್ಕೆ ಮೇಲಿನ ತೂತಿಗೆ ವೈರ್ ಇದೆ ಅಂತ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಟೆಸ್ಟ್ ಲ್ಯಾಂಪ್ ಹಾಕಿ ನೋಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಗುಂಡಿಯೂ ಸೋಲುತ್ತದೆ, ಅದಕ್ಕೇ ಹಿರಿಯರು ಅಲ್ಲಿಗೆ ಆಗಾಗ ನೀರು ಹೊಯ್ಯುತ್ತಿದ್ದದ್ದು. ಅರ್ಥ್ ಇಲ್ಲದಿದ್ದರೆ ನೀವು ಎಷ್ಟೇ ದುಡ್ಡು ಕೊಟ್ಟು ತಂದ ಸರ್ಜ್ ಪ್ರೊಟೆಕ್ಟರ್ ಹೆಚ್ಚುಕಡಿಮೆ ಉದ್ದದ ಪ್ಲಗ್ ಬೋರ್ಡ್ ಅಷ್ಟೆ.

ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಶುರುವಾಗುತ್ತದಲ್ಲ, ಆಗ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತಿಡಿ. ರೂಟರ್‌ನಿಂದ ಬರುವ ಲ್ಯಾನ್ ವೈರನ್ನೂ ಕೀಳಿ. ಫೈಬರ್‌ನಲ್ಲಿ ಕರೆಂಟ್ ಬರುವುದಿಲ್ಲ, ಸರಿ. ಆದರೆ ರೂಟರ್‌ನ ಅಡಾಪ್ಟರ್ ಗೋಡೆಗೆ ಚುಚ್ಚಿರುತ್ತದೆ. ಅಲ್ಲಿಂದ ಲ್ಯಾನ್ ವೈರ್ ಹಿಡಿದು ಬೋರ್ಡ್‌ವರೆಗೆ ಬಂದು ಬೋರ್ಡ್ ಸುಟ್ಟ ಉದಾಹರಣೆ ಬೇಕಾದಷ್ಟು ಉಂಟು. ವೈಫೈ ಇದ್ದರೆ ಈ ರಗಳೆ ಇಲ್ಲ, ವ್ಯಾಲೊರಂಟ್‌ಗೆ ಮಾತ್ರ ವೈರೇ ಒಳ್ಳೆಯದು.

ಯುಪಿಎಸ್ ಬೇಕು. 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್, ಮಾನಿಟರ್ ಸೇರಿಸಿದರೆ ನಿಮಗೆ ಕಟಾಕಟಿ. 1000 ವಿಎ ನೆಮ್ಮದಿ. ಅದು ಕರೆಂಟ್ ಹೋದ ಮೇಲೆ ಮ್ಯಾಚ್ ಮುಗಿಸಲಿಕ್ಕೆ ಅಲ್ಲ, ಸೇವ್ ಮಾಡಿ ಶಟ್‌ಡೌನ್ ಮಾಡಲಿಕ್ಕೆ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಗೇಮಿಂಗ್ ಸೆಟ್ ಕೊಡಬೇಡಿ. ಯುಪಿಎಸ್ ದುಡ್ಡನ್ನು 60 ಸಾವಿರದ ಲೆಕ್ಕದಿಂದ ಹೊರಗಿಟ್ಟು ಅಪ್ಪನ ಹತ್ತಿರ 'ಮನೆಯ ಖರ್ಚು' ಅಂತ ಕೇಳಿ ನೋಡಿ. ಸಿಗುವ ಸಾಧ್ಯತೆ ಉಂಟು.

ಮಳೆಗಾಲದಲ್ಲಿ ತೇವ ಹಿಡಿಯದಿರಲು ದಿನಕ್ಕೆ ಸ್ವಲ್ಪ ಹೊತ್ತಾದರೂ ಆನ್ ಮಾಡಿ. ಕ್ಯಾಬಿನೆಟ್ ನೆಲದ ಮೇಲೆ ಬೇಡ. ಹಿಂದಿನ ಖಾಲಿ ತೂತುಗಳನ್ನು ಮುಚ್ಚಿಡಿ. ಬೆಚ್ಚಗಿನ ಎಸ್‌ಎಂಪಿಎಸ್ ಒಳಗೆ ಹಲ್ಲಿ, ಇರುವೆ ಮನೆ ಮಾಡುವುದು ನಮ್ಮೂರಿನಲ್ಲಿ ಹೊಸತಲ್ಲ.

ಮಾವನ ವಿಷಯ. ದುಬೈಯಲ್ಲಿ ವ್ಯಾಟ್ ಶೇ. 5, ನಮ್ಮಲ್ಲಿ ಕಂಪ್ಯೂಟರ್ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ. 18. ಹಾಗಾಗಿ ಕೆಲವೊಮ್ಮೆ ಅಲ್ಲಿ ಅಗ್ಗ, ಆದರೆ ಯಾವಾಗಲೂ ಅಲ್ಲ. ಬಾಯಿ ಲೆಕ್ಕ ಬೇಡ, ಮಾಡೆಲ್ ನಂಬರ್ ಕಳಿಸಿ ರೇಟ್ ಕೇಳಿ. ತರಿಸುವುದಿದ್ದರೆ ಸಣ್ಣದು, ಕೆಡದಿರುವುದು ತರಿಸಿ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ. ಪ್ರೊಸೆಸರ್ ಕೆಡುವುದು ಬಹಳ ಅಪರೂಪ, ಕೈಚೀಲದಲ್ಲಿ ಬರುತ್ತದೆ. ಬಾಕ್ಸ್ ಒಡೆಯದೆ ತರಲಿ, ಬಿಲ್ಲೂ ಇರಲಿ. ಬಾಕ್ಸ್‌ನಲ್ಲಿ ಬರುವುದಕ್ಕೆ ಎಎಂಡಿ, ಇಂಟೆಲ್ ಎರಡೂ ಮೂರು ವರ್ಷ ವಾರಂಟಿ ಕೊಡುತ್ತವೆ, ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರ್‌ಗೆ ಅದು ಸಿಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಮಾತ್ರ ಇಲ್ಲೇ ತಗೊಳ್ಳಿ. ಹಾಳಾದರೆ ವಾರಂಟಿಗೆ ಓಡಬೇಕಾದ ಸಾಮಾನು ಅದು, ಎಷ್ಟೋ ಕಂಪನಿಗಳ ಕಾರ್ಡ್ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಎಸ್‌ಎಂಪಿಎಸ್, ಮಾನಿಟರ್ ತರಿಸುವುದು ಸುಮ್ನೆ ಭಾರ, ಮೇಲಿಂದ ವೈರ್‌ನ ಪ್ಲಗ್ ಚೌಕ ಪಿನ್ನಿನದ್ದು. ತರಿಸುವ ಮೊದಲು ಇಲ್ಲಿಯ ಬೋರ್ಡ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಮಾವ ಪ್ರೀತಿಯಿಂದ ಡಿಡಿಆರ್5 ತಂದು, ನಿಮ್ಮ ಬೋರ್ಡ್ ಡಿಡಿಆರ್4 ಆದರೆ ಇಬ್ಬರಿಗೂ ಬೇಜಾರು.

ಲಿನಕ್ಸ್ ಕೇಳಿದ್ದು ಖುಷಿಯಾಯಿತು. ಕೇರಳದ ಶಾಲೆಗಳಲ್ಲಿ ಕಲಿತವರಿಗೆ ಕೈಟ್‌ನ (ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಗ್ನೂ/ಲಿನಕ್ಸ್ ಕೈ ಪಳಗಿರುತ್ತದೆ, ಉಬುಂಟು ಹೊಸದು ಅನಿಸುವುದಿಲ್ಲ. ಸ್ಟೀಮ್‌ನವರು 2018ರಲ್ಲಿ ಪ್ರೋಟಾನ್ ತಂದ ಮೇಲೆ ವಿಂಡೋಸ್‌ನ ಬಹಳಷ್ಟು ಗೇಮ್ ಲಿನಕ್ಸ್‌ನಲ್ಲೂ ಓಡುತ್ತವೆ. ಕೌಂಟರ್-ಸ್ಟ್ರೈಕ್ 2 ನೇರವಾಗಿಯೇ ಓಡುತ್ತದೆ. ಆದರೆ ನಿಮ್ಮ ಎರಡು ಗೇಮ್‌ಗಳೂ ಕೈ ಕೊಡುತ್ತವೆ. ವ್ಯಾಲೊರಂಟ್‌ನಲ್ಲಿ ಮೋಸದಾಟ ತಡೆಯುವ ಸಾಫ್ಟ್‌ವೇರ್ ವ್ಯಾನ್‌ಗಾರ್ಡ್ ಲಿನಕ್ಸ್‌ನಲ್ಲಿ ಇಲ್ಲವೇ ಇಲ್ಲ. ಜಿಟಿಎ 5 ಒಬ್ಬರೇ ಆಡುವ ಕಥೆ ನಡೆಯುತ್ತದೆ, ಆನ್‌ಲೈನ್ ಮಾತ್ರ 2024ರ ಸೆಪ್ಟೆಂಬರ್‌ನಲ್ಲಿ ಅಂಥದ್ದೇ ಬ್ಯಾಟಲ್‌ಐ ಸೇರಿಸಿದ ಮೇಲೆ ಲಿನಕ್ಸ್‌ನಲ್ಲಿ ಬಂದ್. ಹಾಗಾಗಿ ಗೇಮ್‌ಗೆ ವಿಂಡೋಸ್ 11 ಬೇಕೇ ಬೇಕು. ಟ್ಯಾಲಿ ಬಿಟ್ಟು ಓದು, ಬರಹ, ಉಳಿದೆಲ್ಲ ಕೆಲಸಕ್ಕೆ ಅದೇ ಎಸ್‌ಎಸ್‌ಡಿಯ ಒಂದು ಭಾಗದಲ್ಲಿ ಉಬುಂಟು ಇಟ್ಟುಕೊಳ್ಳಿ.

ಎಲ್ಲಿ ಕೊಳ್ಳುವುದು? ಕಾಸರಗೋಡು, ಮಂಗಳೂರು ಎರಡು ಕಡೆಯೂ ಕೊಟೇಶನ್ ತಗೊಳ್ಳಿ, ಆನ್‌ಲೈನ್ ರೇಟ್ ಜೊತೆ ಹೋಲಿಸಿ. ಎರಡು ಮೂರು ಸಾವಿರದ ಅಂತರಕ್ಕೆ ಬೆಂಗಳೂರಿನ ಎಸ್‌ಪಿ ರೋಡ್‌ವರೆಗೆ ಹೋಗಬೇಡಿ, ಬಸ್ ಚಾರ್ಜಲ್ಲೇ ಅರ್ಧ ಹೋಗುತ್ತದೆ, ಮತ್ತೆ ಏನಾದರೂ ಕೆಟ್ಟರೆ ಅಷ್ಟು ದೂರ ಹೊರಬೇಕು. ಗಡಿ ದಾಟಿ ತಲಪಾಡಿಯ ಆಚೆ ಕೊಂಡರೂ ಜಿಎಸ್‌ಟಿ ಅಷ್ಟೇ. ಬಿಲ್‌ನಲ್ಲಿ ಒಂದೊಂದು ಸಾಮಾನಿನ ಸೀರಿಯಲ್ ನಂಬರ್ ಬರೆಸಿ. 'ಅಸೆಂಬಲ್ಡ್ ಕಂಪ್ಯೂಟರ್ – 1' ಅಂತ ಒಂದೇ ಸಾಲಿನ ಬಿಲ್ ಕೊಟ್ಟರೆ ಒಪ್ಪಬೇಡಿ, ವಾರಂಟಿ ಸಮಯಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಎಲ್ಲ ಖಾಲಿ ಬಾಕ್ಸ್‌ಗಳನ್ನೂ ಮನೆಗೆ ತನ್ನಿ, ಅಟ್ಟದಲ್ಲಿ ಇರಲಿ.

ಜೋಡಿಸಿದ ಮೇಲೆ ಅಂಗಡಿಯಲ್ಲೇ ಮೂರು ಸಂಗತಿ ನೋಡಿ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ರ‍್ಯಾಮ್ ಕಡ್ಡಿಗಳು ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿರಬೇಕು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿಸಿ, ಇಲ್ಲದಿದ್ದರೆ 3200ರ ರ‍್ಯಾಮ್ ಎಷ್ಟೋ ಬಾರಿ 2400ಕ್ಕೋ 2666ಕ್ಕೋ ನಿಲ್ಲುತ್ತದೆ, ವರ್ಷಗಟ್ಟಲೆ ಹಾಗೇ ಆಡುವವರಿದ್ದಾರೆ. ವಿಂಡೋಸ್‌ನ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 60ರಿಂದ ಮಾನಿಟರ್‌ನ ಪೂರ್ತಿ ಹರ್ಟ್ಸ್‌ಗೆ ಏರಿಸಿ. ಇಷ್ಟಾದ ಮೇಲೆ ಅಂಗಡಿಯವರ ಎದುರಲ್ಲೇ ಒಂದು ಗೇಮ್ ಅರ್ಧ ಗಂಟೆ ಓಡಿಸಿ, ಕಾರ್ಡ್ ಬಿಸಿ 80 ಡಿಗ್ರಿಯ ಕೆಳಗೆ ಉಂಟಾ ನೋಡಿಕೊಂಡು ದುಡ್ಡು ಕೊಡಿ.